ಹುಟ್ಟಿದಾಗ ಅಳದ ಕೂಸಿಗೆ ಹಾರ್ಟ್ ಯಾಕೆ ವೀಕ್ ಆಗುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ಸಿಂಧನೂರು ಕಡೆಯವರು ನೀವು. ತಂಗಿಯ ಕೂಸು ಹುಟ್ಟಿದಾಗ ಅಳಲಿಲ್ಲ, ಆಕ್ಸಿಜನ್ ಸಾಲದೆ ಮೆದುಳಿಗೆ ಪೆಟ್ಟಾಗಿದೆ ಅಂದರು. ಎರಡನೇ ದಿನ ಎಕೋ (ಹೃದಯದ ಸ್ಕ್ಯಾನ್) ಮಾಡಿ ಹಾರ್ಟ್ ಕೂಡ ವೀಕ್ ಇದೆ ಅಂದರು. ಮೆದುಳಿನ ತೊಂದರೆಗೆ ಹಾರ್ಟ್ ಯಾಕೆ ಕೈಕೊಟ್ಟಿತು, ತೂತು ಇದೆಯಾ, ಜೀವನಪೂರ್ತಿ ಹಾರ್ಟ್ ಪೇಷಂಟ್ ಆಗುತ್ತಾ ಅಂತ ಕೇಳಿದ್ದೀರಿ. ನಾನು ರಾಯಚೂರಿನಲ್ಲಿ ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್, ಹನ್ನೊಂದು ವರ್ಷ ಆಯಿತು. ನಿಮ್ಮ ಕೂಸನ್ನು ನೋಡುತ್ತಿರುವ ಡಾಕ್ಟರ್ ಹೇಳಿದ್ದನ್ನೇ ಮೊದಲು ಕೇಳಿ. ನಾನು ನೋಡಿ ತಿಳಿದದ್ದನ್ನು ಹೇಳುತ್ತೇನೆ.

ನಮ್ಮ ಕಡೆ ಕಾಲುವೆಗೆ ನೀರು ಕಮ್ಮಿಯಾದ ವರ್ಷ ಏನು ಮಾಡುತ್ತಾರೆ? ಮೊದಲು ಕುಡಿಯುವ ನೀರು, ಗದ್ದೆಗೆ ಆಮೇಲೆ. ಕೂಸಿನ ಮೈಯೂ ಹಾಗೇ ಮಾಡುತ್ತದೆ. ಆಕ್ಸಿಜನ್ ಕಮ್ಮಿಯಾದ ತಕ್ಷಣ ಚರ್ಮ, ಕರುಳು, ಕಿಡ್ನಿಗೆ ಹೋಗುವ ರಕ್ತ ತಗ್ಗಿಸಿ, ಮೆದುಳಿಗೂ ಹೃದಯಕ್ಕೂ ಜಾಸ್ತಿ ಕಳಿಸುತ್ತದೆ. ಅದಕ್ಕೇ ಇಂಥ ಕೂಸುಗಳಿಗೆ ಮೊದಮೊದಲು ಮೂತ್ರ ಕಮ್ಮಿ. ಆದರೆ ಕೊರತೆ ಹೊತ್ತು ಹೋದಂತೆ ಬೆಳೆದರೆ ಹೃದಯದ ಸ್ನಾಯುವಿಗೂ ಸಾಲುವುದಿಲ್ಲ. ರಕ್ತದಲ್ಲಿ ಆಮ್ಲ ಸೇರುತ್ತದೆ. ಸ್ನಾಯು ಹಿಂಡುವ ಶಕ್ತಿ ಕುಗ್ಗುತ್ತದೆ. ಮೆದುಳಿಗೆ ಬಿದ್ದ ಪೆಟ್ಟೇ ಹೃದಯಕ್ಕೂ ಬಿದ್ದಿದೆ, ಅಷ್ಟೇ. ಟ್ರೋಪೋನಿನ್ ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ವಸ್ತು; ರಕ್ತ ಪರೀಕ್ಷೆಯಲ್ಲಿ ಅದು ಜಾಸ್ತಿ ಬಂದಿದೆ ಅಂದಿದ್ದರೆ ಅದಕ್ಕೂ ಇದೇ ಕಾರಣ.

ಹೃದಯದ ಬಲಗಡೆಯ ಭಾಗಕ್ಕೆ ಹೆಚ್ಚು ಕಷ್ಟ. ಮೊದಲ ಉಸಿರಿನೊಂದಿಗೆ ಶ್ವಾಸಕೋಶದ ರಕ್ತನಾಳ ಸಡಿಲ ಆಗಬೇಕು. ಉಸಿರು ಕಟ್ಟಿದ ಕೂಸಿಗೆ ಅವು ಬಿಗಿಯಾಗೇ ಉಳಿಯಬಹುದು. ಆ ಬಿಗಿಗೆ ಎದುರಾಗಿ ರಕ್ತ ತಳ್ಳಬೇಕಾದದ್ದು ಹೃದಯದ ಬಲಗಡೆ. ಮೊದಲೇ ಸೋತ ಸ್ನಾಯು, ಮೇಲೆ ಈ ಭಾರ.

ಇನ್ನು ತೂತಿನ ಮಾತು. ರಿಪೋರ್ಟಿನಲ್ಲಿ ಪಿಡಿಎ, ಪಿಎಫ್‌ಒ ಅಂತ ಇದೆಯಾ ನೋಡಿ. ಹೊಟ್ಟೆಯಲ್ಲಿದ್ದಾಗ ಶ್ವಾಸಕೋಶ ಬಿಟ್ಟು ರಕ್ತ ಹಾಯಲು ಎಲ್ಲ ಕೂಸಿಗೂ ಇರುವ ದಾರಿಗಳು ಅವು. ಪಿಡಿಎ ಸಾಮಾನ್ಯವಾಗಿ ಹುಟ್ಟಿದ ಎರಡು ಮೂರು ದಿನದಲ್ಲಿ ಮುಚ್ಚುತ್ತದೆ, ಹುಷಾರಿಲ್ಲದ ಕೂಸಿನಲ್ಲಿ ತಡವಾಗಬಹುದು. ಪಿಎಫ್‌ಒ ಮುಚ್ಚಲು ತಿಂಗಳುಗಳೇ ಬೇಕಾಗಬಹುದು. ಆ ಅಕ್ಷರ ನೋಡಿ "ಎದಿಯಾಗ ತೂತು ಅದಾವಂತ್ರೀ" ಅಂತ ಅತ್ತವರನ್ನು ಎಷ್ಟೋ ಸಲ ಕಂಡಿದ್ದೇನೆ. ನಿಮ್ಮ ರಿಪೋರ್ಟಿನಲ್ಲಿ ಬೇರೇನಾದರೂ ಬರೆದಿದ್ದರೆ ಡಾಕ್ಟರನ್ನೇ ಕೇಳಿ, ಸುಮ್ನೆ ಊಹೆ ಮಾಡಿಕೊಂಡು ಕೂರಬೇಡಿ.

ಹಾರ್ಟ್ ವೀಕ್ ಆದಾಗ ನಾವು ಏನು ನೋಡುತ್ತೇವೆ ಗೊತ್ತಾ? ಕೂಸಿನ ಎದೆಮೂಳೆಯ ಮೇಲೆ ಬೆರಳಿಟ್ಟು ಐದು ಸೆಕೆಂಡ್ ಒತ್ತುತ್ತೇವೆ. ಬೆರಳು ತೆಗೆದಾಗ ಅಲ್ಲಿ ಬೆಳ್ಳಗಿನ ಗುರುತು. ಮೂರು ಎಣಿಸುವುದರೊಳಗೆ ಅದು ಕೆಂಪಾಗಬೇಕು. ಕಳೆದ ಬೇಸಿಗೆಯಲ್ಲಿ ಒಂದು ಕೂಸಿಗೆ ಐದು ಎಣಿಸಿದರೂ ಬಿಳುಪು ಹಾಗೇ ಇತ್ತು, ಕಾಲು ತಣ್ಣಗೆ. ಗಾಜಿನಾಚೆ ಅಜ್ಜಿ ದಿನಾ ನಿಂತು ನನ್ನ ಬೆರಳನ್ನೇ ನೋಡುತ್ತಿದ್ದರು. ನಾಲ್ಕನೇ ದಿನ ನಾನು ಬೆರಳು ತೆಗೆಯುತ್ತಿದ್ದಂತೆ ಬಣ್ಣ ತಿರುಗಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೆಂಪಾತಲ್ರೀ ಸಿಸ್ಟರ್" ಅಂದರು. ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಗ್ಲೂಕೋಸ್ ಇನ್ನೊಂದು ಹಚ್ರೀ" ಅಂತ ದಯವಿಟ್ಟು ಒತ್ತಾಯ ಮಾಡಬೇಡಿ. ಸೋತ ಹೃದಯಕ್ಕೆ, ಕೆಲಸ ನಿಧಾನವಾದ ಕಿಡ್ನಿಗೆ ಹೆಚ್ಚು ನೀರು ಭಾರ. ಬೇಕಿದ್ದರೆ ಹೃದಯ ಹಿಂಡುವುದಕ್ಕೆ ಬಲ ಕೊಡುವ ಡೊಬುಟಮಿನ್, ಅಡ್ರಿನಲಿನ್‌ನಂಥ ಔಷಧಿಯನ್ನು ಪಂಪಿನಲ್ಲಿ ಹನಿಹನಿಯಾಗಿ ಕೊಡುತ್ತಾರೆ. ಪೆಟ್ಟು ತಿಂದ ಮೆದುಳಿಗೆ ರಕ್ತ ಮುಟ್ಟಿಸಬೇಕಾದದ್ದು ಈ ಹೃದಯವೇ ಅಲ್ವಾ? ಅದಕ್ಕೇ ಬಿಪಿಯನ್ನು ಮತ್ತೆ ಮತ್ತೆ ನೋಡುತ್ತೇವೆ.

ಕೂಲಿಂಗ್ ಮಾಡಲಿಲ್ಲ ಅಂತಲೂ ಕೊರಗಿದ್ದೀರಿ. ಹುಟ್ಟಿದ 6 ಗಂಟೆಯೊಳಗೆ ಶುರುಮಾಡಿ 72 ಗಂಟೆ ಮೈಯನ್ನು 33.5 ಡಿಗ್ರಿ ಸೆಲ್ಸಿಯಸ್ ಸುತ್ತ ಇಡುವ ಚಿಕಿತ್ಸೆ ಅದು. ಶ್ರೀಮಂತ ದೇಶಗಳಲ್ಲಿ ಒಳ್ಳೆಯದಾಗಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಕೂಸುಗಳ ಮೇಲೆ ನಡೆದ ಹೀಲಿಕ್ಸ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ತಂಪು ಮಾಡಿದ ಕೂಸುಗಳಲ್ಲಿ ಶೇ. 42, ಮಾಡದವುಗಳಲ್ಲಿ ಶೇ. 31 ತೀರಿಕೊಂಡವು. ಆದ್ದರಿಂದ ಆ ವಿಷಯಕ್ಕೆ ತಂಗಿಯನ್ನಾಗಲಿ, ನಿಮ್ಮನ್ನಾಗಲಿ ಬೈದುಕೊಳ್ಳಬೇಡಿ. ಜ್ವರ ಏರದ ಹಾಗೆ ನೋಡಿಕೊಳ್ಳುವುದು ಮಾತ್ರ ಬಹಳ ಮುಖ್ಯ, ಜ್ವರದಿಂದ ಮೆದುಳಿಗೆ ಇನ್ನಷ್ಟು ಕೆಟ್ಟದ್ದು. ನಮ್ಮ ರಾಯಚೂರಿನ ಬಿಸಿಲಿನಲ್ಲಿ ಕಂಬಳಿ ಸುತ್ತಿ ತರುವವರಿಗೆ ಇದನ್ನು ದಿನಾ ಹೇಳುತ್ತೇನೆ.

ಜೀವನಪೂರ್ತಿ ಹೀಗೇ ಇರುತ್ತಾ? ತುಂಬಾ ಜೋರು ಪೆಟ್ಟಾದ ಕೆಲವು ಕೂಸುಗಳು ಉಳಿಯುವುದಿಲ್ಲ, ಅದನ್ನು ಮುಚ್ಚಿಡಲಾರೆ. ಆದರೆ ಉಳಿದ ಕೂಸುಗಳಲ್ಲಿ ಹೃದಯದ ಸ್ನಾಯು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ತಡವಾದರೆ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಇನ್ನೊಂದು ಎಕೋ ಯಾವಾಗ ಅಂತ ಕೇಳಿಟ್ಟುಕೊಳ್ಳಿ.

ಆದರೆ ಒಂದು ಮಾತು. "ಹಾರ್ಟ್ ನಾರ್ಮಲ್ ಬಂತು" ಅಂದ ಮೇಲೆ ಎಲ್ಲ ಮುಗಿಯಿತು ಅಂತ ಮನೆಗೆ ಹೋಗಿ, ಮತ್ತೆ ಬಾರದೇ ಇರುವವರು ಬಹಳ ಜನ. ನನಗೆ ಹೆಚ್ಚು ನೋವು ಕೊಡುವುದು ಇದೇ. ಹೃದಯ ಸುಧಾರಿಸಿದ್ದು ಮೆದುಳಿನ ಬಗ್ಗೆ ಏನೂ ಹೇಳುವುದಿಲ್ಲ. ಎಂಆರ್‌ಐ ಬೇಕಾ ಅಂತ ಕೇಳಿ. ಕೂಸು ಕತ್ತು ಯಾವಾಗ ನಿಲ್ಲಿಸುತ್ತದೆ, ಮೊಲೆ ಸರಿಯಾಗಿ ಚೀಪುತ್ತದಾ, ಒಂದು ಕೈಯನ್ನೇ ಬಿಗಿ ಹಿಡಿಯುತ್ತದಾ, ಇವನ್ನು ತಿಂಗಳುಗಟ್ಟಲೆ ನೋಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಜಿಲ್ಲಾ ಕೇಂದ್ರ, ಎಲ್ಲಿದೆ ಅಂತ ವಿಚಾರಿಸಿ. ವ್ಯಾಯಾಮ ಬೇಗ ಶುರುವಾದಷ್ಟೂ ಒಳ್ಳೆಯದು.

ತಂಗಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ತೆಗೆಯಲು ಹೇಳಿ, ರಾತ್ರಿಯೂ. ಕೂಸು ಕುಡಿಯಲು ತಯಾರಾದ ದಿನ ಹಾಲು ಬತ್ತಿರಬಾರದು.