ವಾರಕ್ಕೊಂದು ಕಂತು ಎಂಬ ಸಾಲ

ಕುಮಟಾ ಕಡೆಯ ಫಿಸಿಯೋಥೆರಪಿಸ್ಟ್ ಒಬ್ಬರು ನಿದ್ದೆ ಬರುವುದಿಲ್ಲ ಎಂದು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದರು. ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಮಾತಾಡುತ್ತಾ ಹೋದ ಹಾಗೆ ನಿದ್ದೆ ಕೆಡಿಸಿದ್ದು ಅವರದೇ ಒಂದು ಪಾಡ್‌ಕಾಸ್ಟ್ (ಫೋನಿನಲ್ಲಿ ಬೇಕಾದಾಗ ಕೇಳುವ ಆಡಿಯೋ ಕಾರ್ಯಕ್ರಮ) ಅಂತ ತಿಳಿಯಿತು.

ಸಾಲ ಮಾಡಿ ಕ್ಲಿನಿಕ್ ತೆರೆದವರು. ಬರುವವರು ಕಮ್ಮಿ. ಬೆಂಗಳೂರಿನ ಸಹಪಾಠಿಯೊಬ್ಬರಿಗೆ ಪಾಡ್‌ಕಾಸ್ಟ್‌ನಿಂದ ಜನ ಬರುತ್ತಾರೆ ಎಂದು ಕೇಳಿ ಇವರೂ ಶುರು ಮಾಡಿದರು. ‘ಪ್ರತಿ ಭಾನುವಾರ ಬೆಳಿಗ್ಗೆ’ ಎಂದು ಮೊದಲ ಕಂತಿನಲ್ಲೇ ಮಾತು ಕೊಟ್ಟುಬಿಟ್ಟರು. ಅದೂ ಅರ್ಧ ಗಂಟೆಯ ಕಂತು. ಮಗುವಿಗೆ ಜ್ವರ ಬಂತು, ಮಾವನವರ ತಿಥಿ ಬಂತು, ಕರೆಂಟ್ ಹೋಯಿತು. ಒಂದು ಭಾನುವಾರ ತಪ್ಪಿತು, ಆಮೇಲೆ ಇನ್ನೊಂದು.

"ಮೇಡಂ, ಕೇಳೋರೇ 40 ಜನ. ಆದ್ರೂ ಶನಿವಾರ ರಾತ್ರಿ ಎದೆ ಹೊಡ್ಕೊಳ್ತದೆ" ಎಂದರು. ಇನ್ನೊಂದು ಮಾತನ್ನು ಸ್ವಲ್ಪ ತಡೆದು ಹೇಳಿದರು. "ನಮ್ಮ ಬಗ್ಗೆ ನಾವೇ ಹೇಳ್ಕೊಂಡ್ರೆ ಊರವ್ರು ಏನಂತಾರೆ?"

ಊಟ, ಆಸಕ್ತಿ, ಬದುಕಿನ ಬಗ್ಗೆ ಬೇಸರ ಎಲ್ಲ ವಿಚಾರಿಸಿದೆ. ಮನೋವೈದ್ಯರಿಗೆ ಕಳಿಸಬೇಕಾದ ಲಕ್ಷಣ ಕಾಣಲಿಲ್ಲ. ಹಾಗಾಗಿ ನೇರವಾಗಿ ಕೆಲಸದ ವಿಷಯಕ್ಕೇ ಬಂದೆವು.

ಹೋದ ತಿಂಗಳು ಹೊಸದಾಗಿ ಬಂದವರಿಗೆ ನಿಮ್ಮ ಕ್ಲಿನಿಕ್ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಬೆರಳು ಮಡಚುತ್ತಾ ಲೆಕ್ಕ ಹಾಕಿದರು. ಅತ್ತಿಗೆ ಹೇಳಿದ್ದು, ಮೆಡಿಕಲ್ ಶಾಪಿನವರು ಹೇಳಿದ್ದು, ಬೋಟಿನ ಜೊತೆಗಾರ ಹೇಳಿದ್ದು. ಅಂದರೆ ಬಂದವರೆಲ್ಲ ಒಬ್ಬರ ಬಾಯಿಮಾತು ಕೇಳಿ ಬಂದವರೇ. ನಮ್ಮ ಕಡೆ ಹೀಗೇ ಅಲ್ವಾ? ಹಾಗಿದ್ದರೆ ಪಾಡ್‌ಕಾಸ್ಟ್ ಅಪರಿಚಿತರನ್ನು ಹಿಡಿದು ತರಬೇಕಿಲ್ಲ. ಹೇಳುವ ಅತ್ತಿಗೆಯ ಫೋನಿನಲ್ಲಿ ಕಳಿಸೋಕೆ ಒಂದು ಆಡಿಯೋ ಇದ್ದರೆ ಸಾಕು. ಹೀಗೆ ನೋಡಿದ ಮೇಲೆ ಅವರ ಸಂಕೋಚವೂ ಸುಮಾರು ಇಳಿಯಿತು. ಹೊಗಳಿಕೊಳ್ಳುವ ಮಾತೇ ಇಲ್ಲಿ ಬರುವುದಿಲ್ಲವಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದಷ್ಟೇ.

ವಾರದ ಮಾತನ್ನು ಬಿಟ್ಟುಬಿಡಿ ಎಂದೆ. ಪಾಡ್‌ಕಾಸ್ಟ್ ರೇಡಿಯೋ ವಾರ್ತೆಯಲ್ಲ, ಹೊತ್ತು ತಪ್ಪಿದರೆ ಕಳೆದುಹೋಗುವುದಿಲ್ಲ. ಫಾಲೋ ಮಾಡಿದವರ ಆ್ಯಪ್‌ನಲ್ಲಿ ಹೊಸ ಕಂತು ಯಾವಾಗ ಹಾಕಿದರೂ ಬಂದು ಕೂರುತ್ತದೆ. ಹಳೆಯದನ್ನು ಮುಂದಿನ ವರ್ಷವೂ ಕೇಳಬಹುದು.

ದಿನಾಂಕದ ಬದಲು ಊರಿನ ಕೆಲಸದ ಹಂಗಾಮು ನೋಡಿ ಎಂದೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ತದಡಿ ಬಂದರಿನಲ್ಲಿ ಬೋಟು ಕಟ್ಟಿ ಮನೆಯಲ್ಲಿರುವವರಿಗೆ ಭುಜ, ಸೊಂಟ ತೋರಿಸಿಕೊಳ್ಳಲು ಪುರುಸೊತ್ತು ಸಿಗುವುದು ಆಗಲೇ. ಅವರಿಗೆಂದು ನಾಲ್ಕು ಕಂತು ಸಾಕು. ಆದರೆ ರೆಕಾರ್ಡ್ ಮೇ ತಿಂಗಳಲ್ಲೇ ಮುಗಿಸಬೇಕು. ಜೂನ್ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದವರಿಗೇ ಗೊತ್ತು ಆ ಸದ್ದು! ಘಟ್ಟದ ಮೇಲೆ ಅಡಿಕೆ ಕೊಯ್ಲು ಚಳಿಗಾಲಕ್ಕೆ. ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂರುವ ಹೆಂಗಸರಿಗೆ ಅಡಿಕೆ ಸುಲಿಯುತ್ತಲೇ ಕೇಳಲು ಆಗುತ್ತದೆ. ಅವರಿಗೆ ಬೇರೆ ಮೂರು ಕಂತು. ಉಳಿದ ತಿಂಗಳು ಸುಮ್ನೆ ಇರಿ.

ಒಂದು ಕಂತಿಗೆ ಒಂದೇ ಪ್ರಶ್ನೆ, ಎಂಟು ನಿಮಿಷ. ಸ್ಟೀರಿಯೋ ಬದಲು ಮೋನೋ (ಒಂದೇ ಚಾನೆಲ್), ಆಡಿಯೋ ಗುಣಮಟ್ಟ 64 ಕೆಬಿಪಿಎಸ್‌ನಲ್ಲಿ ಇಟ್ಟರೆ ಫೈಲು ಸುಮಾರು 4 ಎಂಬಿ ಆಗುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಊರಲ್ಲೂ ವಾಟ್ಸ್ಆ್ಯಪ್‌ನಲ್ಲಿ ಇಳಿಯುತ್ತದೆ. ಕೊನೆಗೆ ಒಂದೇ ವಾಕ್ಯ: ಹೆಸರು, ಕ್ಲಿನಿಕ್ ಎಲ್ಲಿ, ಎಷ್ಟು ಹೊತ್ತಿಗೆ ತೆರೆದಿರುತ್ತದೆ. ಸ್ವಂತ ಕಂತು ಆಗದ ತಿಂಗಳಲ್ಲಿ ಬೇರೆಯವರ ಕಾರ್ಯಕ್ರಮಕ್ಕೆ ಹೋಗಿ ಮಾತಾಡಬಹುದು. ಆಕಾಶವಾಣಿ ಕಾರವಾರಕ್ಕೂ ಒಂದು ಪತ್ರ ಬರೆಯಿರಿ ಎಂದೆ.

ಅವರ ಒಂದು ಕಂತು ಕೇಳಿದೆ. ವಾರ್ತೆ ಓದಿದ ಹಾಗಿತ್ತು. "ಕಟಿಭಾಗದ ಸ್ನಾಯುಗಳ ಬಿಗಿತ" ಎಂದೆಲ್ಲ ಇತ್ತು. ಕ್ಲಿನಿಕ್‌ನಲ್ಲಿ ಹೀಗೇ ಹೇಳುತ್ತೀರಾ ಎಂದು ಕೇಳಿದೆ. ನಕ್ಕರು. "ಇಲ್ಲ ಮಾರಾಯ್ರೇ, ಸೊಂಟ ಹಿಡ್ಕಂಡಿದೆ ಅಂತೇನೆ."

ಎರಡು ವಿಷಯದಲ್ಲಿ ಮಾತ್ರ ಸಡಿಲ ಬೇಡ ಎಂದೆ. ರೋಗಿಯ ಕಥೆಯನ್ನು ಒಪ್ಪಿಗೆ ಇಲ್ಲದೆ ಹೇಳಬಾರದು. ಹೆಸರು ತೆಗೆದರೆ ಸಾಲದು. ನಮ್ಮಂಥ ಊರಲ್ಲಿ ‘ಇಂಥ ಬೋಟಿನ ತಾಂಡೇಲ’ (ಬೋಟು ನಡೆಸುವ ಮುಖ್ಯಸ್ಥ) ಅಂದರೆ ಮುಗಿಯಿತು, ಸಂಜೆಯೊಳಗೆ ಮನೆ ಗೊತ್ತಾಗುತ್ತದೆ. ಇನ್ನೊಂದು, ಕೈಯಿಟ್ಟು ನೋಡದೆ ಆಡಿಯೋದಲ್ಲಿ ಚಿಕಿತ್ಸೆ ಕೊಡಬಾರದು. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂಬುದನ್ನು ಪ್ರತಿ ಕಂತಿನಲ್ಲೂ ಹೇಳಲೇಬೇಕು.

ನಿದ್ದೆಗೆ ಬೇರೆ ಕೆಲಸ ಕೊಟ್ಟೆ. ಕೇಳಿದವರ ಸಂಖ್ಯೆಯನ್ನು ತಿಂಗಳಿಗೊಮ್ಮೆ, ಹಗಲಲ್ಲಿ ಮಾತ್ರ ನೋಡುವುದು. ಬದಲಿಗೆ ಕ್ಲಿನಿಕ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟು, ಹೊಸಬರು ಯಾರ ಮಾತು ಕೇಳಿ ಬಂದರು ಎಂದು ಬರೆದಿಡುವುದು.

"ಅಡ್ಡಿಲ್ಲ, ನೋಡ್ತೇನೆ" ಎಂದು ಹೋದವರು ಮಳೆಗಾಲ ಮುಗಿದ ಮೇಲೆ ಬಂದರು. ನಾಲ್ಕರಲ್ಲಿ ಮೂರು ಕಂತು ಆಗಿತ್ತು. ಆಪ್‌ನಲ್ಲಿ ಕೇಳಿದವರು ಜಾಸ್ತಿಯೇನೂ ಆಗಿಲ್ಲ. ನೋಟ್‌ಬುಕ್‌ನಲ್ಲಿ ಮಾತ್ರ ‘ಆಡಿಯೋ ಕಳಿಸಿದ್ರು’ ಎಂದು ಐದು ಕಡೆ ಬರೆದಿತ್ತು. ಶನಿವಾರ ನಿದ್ದೆ ಬರುತ್ತಿದೆ. ಕ್ಲಿನಿಕ್ ಸಾಲದ ಚಿಂತೆ ಹಾಗೇ ಇದೆ. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.