ಸಿಕ್ಕಿಬಿದ್ದ ಕೂಡಲೇ ರೀಸ್ಟಾರ್ಟ್ ಒತ್ತುವವರಿಗೆ

ಪ್ರಶ್ನೆ: ‘ಮೆಟಲ್ ಗಿಯರ್ ಸಾಲಿಡ್ 5: ದಿ ಫ್ಯಾಂಟಮ್ ಪೇನ್’ ಎಂಬ, ಶತ್ರುಠಾಣೆಗೆ ಅಡಗಿ ನುಗ್ಗುವ ಗೇಮನ್ನು ಗೆಳೆಯರು ಹೊಗಳಿದರೆಂದು ಸೇಲ್‌ನಲ್ಲಿ ಕೊಂಡೆ. ಹೊಕ್ಕಲ್ಲೆಲ್ಲ ಕಾವಲುಗಾರರ ಕಣ್ಣಿಗೆ ಬೀಳುತ್ತೇನೆ, ಮತ್ತೆ ಚೆಕ್‌ಪಾಯಿಂಟ್‌ನಿಂದ ಶುರು. ಒಂದೇ ಠಾಣೆಗೆ ಎರಡು ತಾಸು ಹೋಗುತ್ತದೆ. ಗನ್ ಎತ್ತಿ ಹೊಡೆದರೆ ಐದು ನಿಮಿಷದ ಕೆಲಸ. ಇಷ್ಟು ವರ್ಷವಾದರೂ ಮಂದಿ ಇದನ್ನೇ ಹಿಡಿದು ಕೂತಿರುವುದು ಯಾಕೆ?
– ಓದುಗರು, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಈ ಪ್ರಶ್ನೆ ಊರು ಬದಲಿಸಿಕೊಂಡು ಬರುತ್ತಲೇ ಇದೆ. ಗೋಕಾಕ ಆಯಿತು, ಇಂಡಿ ಆಯಿತು, ಈಗ ವಿದ್ಯಾಗಿರಿ. ಹಾಗಾಗಿ ಈ ಸಲ ಜಾಗವೆಲ್ಲ ಇದಕ್ಕೇ. ಬೈನಾಕ್ಯುಲರ್‌ನಲ್ಲಿ ಗುರುತು ಹಾಕುವುದು, ತೆವಳುವುದು ಇವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದನ್ನು ಗೇಮೇ ಕಲಿಸುತ್ತದೆ.

ನಿಮ್ಮ ಆಟ ಕೆಡಿಸುತ್ತಿರುವುದು ಆ ರೀಸ್ಟಾರ್ಟ್ ಬಟನ್. ಯೂಟ್ಯೂಬ್‌ನಲ್ಲಿ ‘ಒಬ್ಬರಿಗೂ ಕಾಣದೆ, ಒಬ್ಬರನ್ನೂ ಕೊಲ್ಲದೆ’ ಎಂಬ ವಿಡಿಯೊ ನೋಡಿ, ಕಾವಲುಗಾರ ಕತ್ತು ತಿರುಗಿಸಿದರೆ ಸಾಕು ಸೋತೆ ಎಂದುಕೊಳ್ಳುತ್ತೀರಿ. ಆ ವಿಡಿಯೊದವರು ಅದೇ ಮಿಷನ್ ಹತ್ತಾರು ಸಲ ಆಡಿ, ಕೆಟ್ಟದ್ದನ್ನು ಕತ್ತರಿಸಿ ಹಾಕಿದವರು. ಮೊದಲ ಸಲ ಆಡುವವರಿಗೆ ಅದು ಮಾದರಿಯೇ ಅಲ್ಲ.

ಲೆಕ್ಕ ನೋಡಿ. ಮಿಷನ್ ಮುಗಿದ ಮೇಲೆ ಅಂಕ ಎಣಿಸಿ ಗೇಮ್ ದರ್ಜೆ ಕೊಡುತ್ತದೆ, ಎಸ್ ಎಂದರೆ ಎಲ್ಲಕ್ಕಿಂತ ಮೇಲಿನದು. ಎಸ್ ರ‍್ಯಾಂಕ್‌ಗೆ ಬೇಕಿರುವುದು 1,30,000 ಅಂಕ. ಅದರಲ್ಲಿ ದೊಡ್ಡ ಪಾಲು ಎಷ್ಟು ಬೇಗ ಮುಗಿಸಿದಿರಿ ಎಂಬುದಕ್ಕೆ. ಯಾರಿಗೂ ಕಾಣದಿದ್ದರೆ ಬೋನಸ್ ಉಂಟು, ನಿಜ. ಆದರೆ ಒಮ್ಮೆ ಸಿಕ್ಕಿಬಿದ್ದು ಚುರುಕಾಗಿ ಕೆಲಸ ಮುಗಿಸಿ ಹೊರಬಿದ್ದವನಿಗೂ ಎಸ್ ಸಿಗುತ್ತದೆ. ಎರಡು ತಾಸು ಕಲ್ಲಿನ ಹಿಂದೆ ಮಲಗಿದವನಿಗೆ ಸಿಗುವುದು ಕಷ್ಟ.

ಸಿಕ್ಕಿಬಿದ್ದ ಕ್ಷಣದಲ್ಲಿ ಏನಾಗುತ್ತದೆ ಎಂಬುದು ಮುಖ್ಯ. ರಿಫ್ಲೆಕ್ಸ್ ಮೋಡ್‌ನಲ್ಲಿ ಕಾಲ ನಿಧಾನವಾಗಿ, ಕಂಡವನ ಕಡೆಗೆ ಕ್ಯಾಮೆರಾ ತಿರುಗುತ್ತದೆ. ಆ ಕೆಲವೇ ಸೆಕೆಂಡಿನಲ್ಲಿ ಅರಿವಳಿಕೆ ಡಾರ್ಟ್ ತಲೆಗೆ ಬಿದ್ದರೆ ಅಲ್ಲಿಗೆ ಮುಗಿಯಿತು, ಗದ್ದಲ ಏಳುವುದೇ ಇಲ್ಲ. ಎದೆಗೆ ಬಿದ್ದರೆ ಔಷಧ ಏರಲು ಸಮಯ ಬೇಕು, ಅಷ್ಟರಲ್ಲಿ ಅವನು ಕೂಗಿರುತ್ತಾನೆ. ‘ಡಾರ್ಟ್ ಹೊಡೆದರೂ ಅಲಾರಂ ಆಯ್ತು’ ಎಂದು ದೂರುವವರಲ್ಲಿ ಬಹಳಷ್ಟು ಮಂದಿ ಮಾಡುವುದು ಇದನ್ನೇ. ಒಣ ಹೆಮ್ಮೆಗೆ ಬಿದ್ದು ಸೆಟ್ಟಿಂಗ್ಸ್‌ನಲ್ಲಿ ರಿಫ್ಲೆಕ್ಸ್ ಆಫ್ ಮಾಡುವವರು ಆಮೇಲೆ ಇಲ್ಲಿಗೆ ಪತ್ರ ಬರೆಯಬೇಡಿ.

ಅಷ್ಟಕ್ಕೂ ಅಲಾರಂ ಆಯಿತೆನ್ನಿ. ಕಾವಲುಗಾರರು ಸುತ್ತುವರಿಯುವುದು ನಿಮ್ಮನ್ನು ಕೊನೆಗೆ ಕಂಡ ಜಾಗವನ್ನು, ಮಾರ್ಟರ್ ಬೀಳುವುದೂ ಅಲ್ಲಿಗೇ, ರಾತ್ರಿಯಾದರೆ ಫ್ಲೇರ್ ಹಾರುವುದೂ ಅಲ್ಲಿಗೇ. ನೀವು ಅಲ್ಲೇ ಗೋಡೆಗೆ ಅಂಟಿ ಕೂತರೆ ಸಾಯುತ್ತೀರಿ. ಮೊದಲು ಅವರ ಕಣ್ಣಿನ ಅಳತೆ ತಪ್ಪಿಸಿ, ಆಮೇಲೆ ಅಡ್ಡಕ್ಕೆ ಐವತ್ತು ಅರವತ್ತು ಮೀಟರ್ ಓಡಿ, ಆಮೇಲೆ ಮಲಗಿ. ಅವರ ರೇಡಿಯೊ ಮಾತು ನಿಮಗೂ ಕೇಳುತ್ತದೆ, ಕೆಳಗೆ ಸಬ್‌ಟೈಟಲ್ ಓಡುತ್ತದೆ. ಎಲ್ಲಿ ಹುಡುಕುತ್ತಿದ್ದಾರೆ ಎಂದು ಅವರೇ ಹೇಳುತ್ತಿರುತ್ತಾರೆ. ಅವರೆಲ್ಲ ಒಂದು ಮೂಲೆಗೆ ಹೋದಾಗ ಠಾಣೆಯ ಇನ್ನೊಂದು ಬದಿ ಖಾಲಿ. ಎಷ್ಟೋ ಸಲ ಕೈದಿಯನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ನೀವು ಆ ಹೊತ್ತಿಗೆ ರೀಸ್ಟಾರ್ಟ್ ಒತ್ತಿರುತ್ತೀರಿ.

ಈಗ ಅಫ್ಘಾನಿಸ್ತಾನದ ಒಂದು ಸಾಧಾರಣ ಠಾಣೆ ತೆಗೆದುಕೊಳ್ಳಿ. ಎತ್ತರದಲ್ಲಿ ಮಲಗಿ ಗುರುತು ಹಾಕಿದ ಮೇಲೂ ಒಳಗೆ ಕೂತ ಒಬ್ಬಿಬ್ಬರು ಲೆಕ್ಕಕ್ಕೆ ಸಿಕ್ಕಿರುವುದಿಲ್ಲ. ಅವರನ್ನು ಹುಡುಕುವ ದಾರಿ ವಿಚಾರಣೆ. ಅಂಚಿನಲ್ಲಿ ಒಬ್ಬನೇ ನಿಂತವನ ಬೆನ್ನ ಹಿಂದೆ ಬಗ್ಗಿ ನಡೆದು ಹಿಡಿದು ಕೇಳಿ. ಅಲ್ಲಿರುವುದು ಸೋವಿಯತ್ ಪಡೆ, ಅವನು ರಷ್ಯನ್‌ನಲ್ಲಿ ಗೊಣಗಿದ್ದು ಅರ್ಥವಾಗದಿದ್ದರೆ ತಪ್ಪು ನಿಮ್ಮದೇ. ರಷ್ಯನ್ ದುಭಾಷಿಯನ್ನು ಎತ್ತಿ ತರುವ ಸೈಡ್ ಆಪ್ (ಮುಖ್ಯ ಮಿಷನ್ ಅಲ್ಲದ ಚಿಕ್ಕ ಕೆಲಸ) ಶುರುವಿನಲ್ಲೇ ಬಂದಿರುತ್ತದೆ, ಅದನ್ನು ಬಿಟ್ಟು ಮುಂದೆ ಓಡಿದ್ದೀರಿ. ವಾಪಸ್ ಹೋಗಿ ಮುಗಿಸಿ. ಮಲಗಿಸಿದವನನ್ನು ದಾರಿಯಲ್ಲಿ ಬಿಡಬೇಡಿ, ಇನ್ನೊಬ್ಬ ಬಂದು ಒದ್ದು ಎಬ್ಬಿಸುತ್ತಾನೆ. ಕಸದ ಡಬ್ಬಿಯೊಳಗೆ ಹಾಕಿ. ಫುಲ್ಟನ್ ಬಲೂನ್ ಕಟ್ಟಿ ಅವನನ್ನು ಮೇಲಕ್ಕೆತ್ತಿಸಿ ನಿಮ್ಮ ಬೇಸ್‌ಗೆ ಕಳಿಸುವುದಾದರೆ ಸುತ್ತ ಯಾರ ಕಣ್ಣೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಬಲೂನ್ ಕಂಡರೂ ಎಚ್ಚರವಾಗುತ್ತಾರೆ. ಆಮೇಲೆ ಸಂಪರ್ಕ ಉಪಕರಣಕ್ಕೆ ಸಿ4 ಸ್ಫೋಟಕ ಅಂಟಿಸಿ. ಅದು ಹೋದರೆ ಈ ಠಾಣೆಯಿಂದ ಪಕ್ಕದ ಠಾಣೆಗೆ ಸುದ್ದಿ ಮುಟ್ಟುವುದಿಲ್ಲ, ಹೆಚ್ಚಿನ ಪಡೆ ಬರುವುದಿಲ್ಲ. ನಾಲ್ಕನೇ ಮಿಷನ್ ಇದನ್ನೇ ಕಲಿಸಲು ಇರುವುದು. ಸ್ಫೋಟಿಸಿ ಮುಗಿಸಿ ಮರೆತುಬಿಡುವವರೇ ಜಾಸ್ತಿ. ಸೈಲೆನ್ಸರ್ ಕೂಡ ಗುಂಡಿಗೊಂದಷ್ಟು ಸವೆಯುತ್ತದೆ. ನಡುವೆ ಕೈಕೊಟ್ಟರೆ ಸಪ್ಲೈ ಡ್ರಾಪ್ (ಆಕಾಶದಿಂದ ಇಳಿಯುವ ಸಾಮಾನಿನ ಪೆಟ್ಟಿಗೆ) ಕರೆಯಿರಿ, ಆ ಪೆಟ್ಟಿಗೆ ಕಾವಲುಗಾರನ ತಲೆಯ ಮೇಲೆ ಬೀಳುವಂತೆ ಜಾಗ ಕೊಟ್ಟರೆ ಅವನೂ ಮಲಗುತ್ತಾನೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ, ಮಂದಿ ಯಾಕೆ ಬಿಡುತ್ತಿಲ್ಲ ಎಂಬುದು. ಶತ್ರು ನಿಮ್ಮ ಚಾಳಿ ಕಲಿಯುತ್ತಾನೆ, ಅದಕ್ಕೆ. ಇಸ್ಪೀಟಿನಲ್ಲಿ ಎದುರಿನವ ನಿಮ್ಮ ಕೈ ನೋಡಿ ಎಲೆ ಇಳಿಸಿದ ಹಾಗೆ. ಸದಾ ತಲೆಗೇ ಹೊಡೆಯುತ್ತಿದ್ದರೆ ಕೆಲವು ಮಿಷನ್ ಕಳೆಯುವಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಾರೆ. ಡಾರ್ಟ್ ಲೋಹಕ್ಕೆ ಬಡಿದು ವ್ಯರ್ಥ. ರಾತ್ರಿಯೇ ನುಗ್ಗುತ್ತಿದ್ದರೆ ನೈಟ್ ವಿಷನ್ ಬರುತ್ತದೆ. ಗ್ಯಾಸ್ ಬಳಸಿದರೆ ಮುಖವಾಡ ಬರುತ್ತದೆ. ‘ಗೇಮ್ ಒಮ್ಮೆಲೇ ಕಷ್ಟ ಆಯ್ತು’ ಎಂದು ಬರೆಯುತ್ತೀರಲ್ಲ, ಅದು ಕಷ್ಟವಾದದ್ದು ನಿಮ್ಮೊಬ್ಬರಿಗೆ, ನಿಮ್ಮದೇ ಚಾಳಿಯಿಂದ. ನಿಮ್ಮ ಪಕ್ಕದ ಮನೆಯವನ ಗೇಮ್‌ನಲ್ಲಿ ಅದೇ ಠಾಣೆಯ ಕಾವಲುಗಾರರು ಬೇರೆಯೇ ಸಾಮಾನು ಹೊತ್ತಿರುತ್ತಾರೆ.

ಇದಕ್ಕೆ ಪರಿಹಾರ ಗೇಮ್‌ನೊಳಗಿನ ಕೈಯಂತ್ರ ಐಡ್ರಾಯ್ಡ್‌ನ ಡಿಸ್ಪ್ಯಾಚ್ ಪಟ್ಟಿಯಲ್ಲಿದೆ. ನಿಮ್ಮ ನೆಲೆಯಾದ ಮದರ್ ಬೇಸ್‌ನ ಕಾಂಬ್ಯಾಟ್ ತಂಡವನ್ನು ಶತ್ರುವಿನ ಹೆಲ್ಮೆಟ್ ಅಥವಾ ನೈಟ್ ವಿಷನ್ ದಾಸ್ತಾನು ಹಾಳುಮಾಡಲು ಕಳಿಸಿ. ಅದು ಗೆದ್ದರೆ ಕೆಲಕಾಲ ಅವರು ಬರೀ ತಲೆಯಲ್ಲಿ ನಿಲ್ಲುತ್ತಾರೆ. ಯಶಸ್ಸಿನ ಶೇಕಡಾವಾರು ಮೊದಲೇ ತೋರಿಸುತ್ತದೆ. ಕಡಿಮೆ ಇದ್ದಾಗ ಕಳಿಸಿದರೆ ನಿಮ್ಮ ಸೈನಿಕರು ಸಾಯುತ್ತಾರೆ, ವಾಪಸ್ ಬರುವುದಿಲ್ಲ. ಆ ಸೈನಿಕರು ಎಲ್ಲಿಂದ ಬಂದರು? ನೀವು ಕೊಲ್ಲದೆ ಬಲೂನ್ ಕಟ್ಟಿ ಕಳಿಸಿದವರು. ಗನ್ ಎತ್ತಿ ಐದು ನಿಮಿಷದಲ್ಲಿ ಮುಗಿಸುವವನ ಬೇಸ್‌ನಲ್ಲಿ ಜನವೇ ಇರುವುದಿಲ್ಲ, ಹೊಸ ಆಯುಧವೂ ತಯಾರಾಗುವುದಿಲ್ಲ. ಮುಂದಿನ ಠಾಣೆ ಅವನಿಗೆ ಇನ್ನಷ್ಟು ಬಿಗಿಯಾಗುತ್ತದೆ. ಈ ಸುತ್ತು ಹಿಡಿಸಿದವರು ಬಿಡುವುದಿಲ್ಲ.

ಕುದುರೆಯ ಒಂದು ಬದಿಗೆ ಜೋತುಬಿದ್ದು ಠಾಣೆಯ ಪಕ್ಕದಲ್ಲೇ ಹಾದುಹೋಗಬಹುದು, ಕಾವಲುಗಾರನಿಗೆ ಸವಾರನಿಲ್ಲದ ಕುದುರೆ ಕಾಣುತ್ತದೆ. ರಟ್ಟಿನ ಪೆಟ್ಟಿಗೆಗೆ ಸೈನಿಕನ ಪೋಸ್ಟರ್ ಅಂಟಿಸಿದರೆ ದೂರದವರು ಸೆಲ್ಯೂಟ್ ಹೊಡೆಯುತ್ತಾರೆ. ವಾಟರ್ ಪಿಸ್ತೂಲ್ ರೇಡಿಯೊ ಕೆಡಿಸುತ್ತದೆ. ಇವನ್ನು ಯಾವ ಮಿಷನ್ನೂ ಕೇಳುವುದಿಲ್ಲ. ಆಡಿ ನೋಡಿದವರಿಗಷ್ಟೇ.

ಪ್ರಶ್ನೆ: ಈ ಗೇಮ್ ಅರ್ಧಕ್ಕೇ ನಿಂತಿದೆಯಂತೆ, ಆಡಿ ಏನು ಉಪಯೋಗ?
– ಟಿಳಕವಾಡಿ, ಬೆಳಗಾವಿ

ಎರಡನೇ ಅಧ್ಯಾಯ ಸಡಿಲ, ಅದನ್ನು ಮುಚ್ಚಿಡುವುದಿಲ್ಲ. ಹಳೆಯ ಮಿಷನ್‌ಗಳನ್ನೇ ‘ಎಕ್ಸ್‌ಟ್ರೀಮ್’, ‘ಟೋಟಲ್ ಸ್ಟೆಲ್ತ್’, ‘ಸಬ್‌ಸಿಸ್ಟೆನ್ಸ್’ ಎಂದು ಹೆಸರು ಹಚ್ಚಿ ಮತ್ತೆ ಕೊಟ್ಟಿದ್ದಾರೆ. ಮಾಡದೆ ಉಳಿದ 51ನೇ ಮಿಷನ್ ಕಲೆಕ್ಟರ್ಸ್ ಆವೃತ್ತಿಯ ಡಿಸ್ಕ್‌ನಲ್ಲಿ ಅರೆಬರೆ ವಿಡಿಯೊ ಆಗಿ ಬಂತು. ಸರಣಿ ಕಟ್ಟಿದ ಹಿಡಿಯೊ ಕೊಜಿಮಾ 2015ರ ಸೆಪ್ಟೆಂಬರ್‌ನಲ್ಲಿ ಇದು ಬಿಡುಗಡೆಯಾದ ಮೇಲೆ, ಅದೇ ವರ್ಷದ ಕೊನೆಗೆ ಗೇಮ್ ಕಂಪನಿ ಕೊನಾಮಿಯಿಂದ ಹೊರಬಿದ್ದರು. 1987ರಲ್ಲಿ ಎಂಎಸ್‌ಎಕ್ಸ್2 ಕಂಪ್ಯೂಟರಿನ ಮೇಲೆ ಶುರುವಾದ ಸರಣಿಗೆ ಅವರ ಕೈಯ ಕೊನೆಯ ಕಂತು ಇದೇ. ಪುನರಾವರ್ತನೆಯ ಮಿಷನ್‌ಗಳನ್ನು ಬಿಡಿ, ಹಳದಿ ಬಣ್ಣದಲ್ಲಿ ಕಾಣುವ ಸೈಡ್ ಆಪ್‌ಗಳನ್ನು ಮುಗಿಸಿ, ಕ್ಯಾಸೆಟ್ ಟೇಪುಗಳನ್ನು ಕೇಳಿ. ಕಥೆಯ ಅರ್ಧ ಟೇಪುಗಳಲ್ಲಿದೆ. ‘ಕಥೆಯೇ ಇಲ್ಲ’ ಎನ್ನುವವರಲ್ಲಿ ಟೇಪು ಕೇಳಿದವರು ಕಡಿಮೆ.

ಪ್ರಶ್ನೆ: ಕೊನೆಗೆ ಏನಾಗುತ್ತದೆ, ಎರಡು ಸಾಲಿನಲ್ಲಿ ಹೇಳಿ.
ಹೇಳುವುದಿಲ್ಲ.

ಪ್ರಶ್ನೆ: ಹಿಂದಿನವನ್ನೆಲ್ಲ ಆಡಲೇಬೇಕೇ?
‘ಗ್ರೌಂಡ್ ಝೀರೋಸ್’ ಒಂದನ್ನು ಆಡಿ, 2014ರದು, ಚಿಕ್ಕದು. ಅಲ್ಲಿ ಬಿಡಿಸಿದ ಸೈನಿಕರು ಸೇವ್ (ಆಡಿದ್ದರ ದಾಖಲೆ) ವರ್ಗಾಯಿಸಿದರೆ ಇಲ್ಲಿಗೂ ಬರುತ್ತಾರೆ.

ಪ್ರಶ್ನೆ: ಮೊಬೈಲ್‌ಗೆ ಇದರ ಎಪಿಕೆ (ಇನ್‌ಸ್ಟಾಲ್ ಫೈಲ್) ಸಿಕ್ಕಿದೆ, ಹಾಕಲೇ?
ಆಂಡ್ರಾಯ್ಡ್‌ಗೆ ಈ ಗೇಮ್ ಬಂದೇ ಇಲ್ಲ. ನಿಮಗೆ ಸಿಕ್ಕಿರುವುದು ಏನೆಂದು ಯುಪಿಐ ಆ್ಯಪ್ ತೆರೆಯುವ ಮೊದಲೇ ಯೋಚಿಸಿ.

ಪ್ರಶ್ನೆ: ಅಂಗಡಿಯವರು ಪೆನ್‌ಡ್ರೈವ್‌ನಲ್ಲಿ ಗೇಮ್, ‘ನೂರಕ್ಕೆ ನೂರು ಸೇವ್’, ರ‍್ಯಾಮ್ ಬೂಸ್ಟರ್ ಮೂರನ್ನೂ ಹಾಕಿಕೊಡುತ್ತಾರೆ.
ಮೂರೂ ಬೇಡ. ಎಲ್ಲ ಮುಗಿದ ಸೇವ್ ತಂದುಕೊಂಡು ಆಡುವುದೇನನ್ನು? ಬೂಸ್ಟರ್‌ನಿಂದ ರ‍್ಯಾಮ್ ಹುಟ್ಟುವುದಿಲ್ಲ.

ಪ್ರಶ್ನೆ: ಹನ್ನೆರಡು ವರ್ಷದ ಮಗ ಕೇಳುತ್ತಿದ್ದಾನೆ.
ಬೇಡ. ಯುರೋಪಿನ ರೇಟಿಂಗ್ ಪ್ರಕಾರವೇ ಇದು 18 ತುಂಬಿದವರಿಗೆ. ಚಿತ್ರಹಿಂಸೆ ಇದೆ, ಬಾಲಸೈನಿಕರಿದ್ದಾರೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಆಡಲು ಕೂತರೆ ಲ್ಯಾಪ್‌ಟಾಪ್ ಅರ್ಧ ತಾಸಿಗೆ ಎಳೆದಾಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಲೇ?
– ವಿಜಯಪುರ

ಕನಿಷ್ಠ ಬೇಡಿಕೆ 2 ಜಿಬಿಯ ಜಿಟಿಎಕ್ಸ್ 650 ಗ್ರಾಫಿಕ್ಸ್ ಕಾರ್ಡ್, 4 ಜಿಬಿ ರ‍್ಯಾಮ್, 28 ಜಿಬಿ ಜಾಗ. ನೀವು ಬರೆದ ಪ್ರಕಾರ ನಿಮ್ಮಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಶುರುವಿನಲ್ಲಿ ಚೆನ್ನಾಗಿ ಓಡಿ ಆಮೇಲೆ ಎಳೆದಾಡಿದರೆ ಅದು ಕಾವು. ಕೋಣೆಯೇ ನಲವತ್ತು ಡಿಗ್ರಿಯ ಹತ್ತಿರ ಇದ್ದಾಗ ಫ್ಯಾನ್ ಒಳಗೆ ಎಳೆಯುವುದೂ ಬಿಸಿ ಗಾಳಿಯನ್ನೇ, ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಹಾಸಿಗೆಯ ಮೇಲಿಟ್ಟು ಆಡುವುದನ್ನು ಮೊದಲು ನಿಲ್ಲಿಸಿ. ಹಿಂಬದಿಯನ್ನು ಒಂದಿಂಚು ಎತ್ತರಿಸಿ, ಗಾಳಿಕಿಂಡಿಯ ಧೂಳು ತೆಗೆಸಿ. ಮೂರು ವರ್ಷ ದಾಟಿದ ಯಂತ್ರವಾದರೆ ಪ್ರೊಸೆಸರಿನ ಕಾವು ಹೊರದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿ. ಗೇಮ್‌ನೊಳಗೆ ವಾಲ್ಯುಮೆಟ್ರಿಕ್ ಕ್ಲೌಡ್ಸ್, ಆಂಬಿಯೆಂಟ್ ಅಕ್ಲೂಷನ್ ಆಫ್ ಮಾಡಿ, ನೆರಳು ಒಂದು ಮೆಟ್ಟಿಲು ಇಳಿಸಿ, ಟೆಕ್ಸ್ಚರ್ ಹಾಗೇ ಇರಲಿ. ಗ್ರಾಫಿಕ್ಸ್ ಡ್ರೈವರ್‌ನ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಮಿತಿಯನ್ನು 45ಕ್ಕೆ ಕಟ್ಟಿ. ಗೇಮ್ ಹೇಗೂ 60 ದಾಟುವುದಿಲ್ಲ, ಅಡಗಿ ಆಡುವವರಿಗೆ 45 ಧಾರಾಳ. ಇಷ್ಟು ಮಾಡಿಯೂ ಎಳೆದಾಡಿದರೆ ಚಾರ್ಜರ್ ಹಚ್ಚಿದ್ದೀರಾ ನೋಡಿ. ಕರೆಂಟ್ ಹೋಗಿ ಬ್ಯಾಟರಿಯ ಮೇಲೆ ಓಡುತ್ತಿದ್ದರೂ ವೇಗ ಹೀಗೇ ಬೀಳುತ್ತದೆ.