ಉಪ್ಪಿನ ಡಬ್ಬಿಯ ಕೆಳಗಿನ ಬಿಲ್ಲು

ಉಡುಪಿ ಕಡೆಯ ಒಬ್ಬರು ಜರ್ಮನಿಯ ಮ್ಯೂನಿಕ್‌ನಿಂದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಓದಿ ಎರಡು ದಿನ ನನಗೆ ಸಮಾಧಾನವಿರಲಿಲ್ಲ.

ವಿಷಯ ಇಷ್ಟು. ಊರಿನ ಸಹಕಾರಿ ಸೊಸೈಟಿಯ ಕ್ಯಾಶ್ ಕೌಂಟರಿನಲ್ಲಿ ಆರು ವರ್ಷ ಕೂತವರು. ಗಂಡನಿಗೆ ಬ್ಲೂ ಕಾರ್ಡ್ ಮೇಲೆ, ಅಂದರೆ ಓದಿದ ಹೊರದೇಶದವರಿಗೆ ಅಲ್ಲಿ ಕೊಡುವ ಪರವಾನಗಿಯ ಮೇಲೆ, ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಇವರು ರಾಜೀನಾಮೆ ಕೊಟ್ಟು ಜೊತೆಗೆ ಹೋದರು. ಹನ್ನೊಂದು ತಿಂಗಳಾಯಿತು. ಭಾಷೆ ಬಾರದು. ಡಿಸೆಂಬರಿನಲ್ಲಿ ನಾಲ್ಕೂವರೆಯ ಒಳಗೇ ಕತ್ತಲು. ಮನಸ್ಸು ಬಿಚ್ಚಿ ಮಾತಾಡಬೇಕು ಅನಿಸುವ ಹೊತ್ತಿಗೆ ಊರಿನಲ್ಲಿ ಅಮ್ಮ ಮಲಗಿರುತ್ತಾರೆ. "ಗಂಡ ಒಳ್ಳೆಯವರು, ಏನೂ ಕಡಿಮೆ ಮಾಡಿಲ್ಲ. ಆದರೂ ಸುಮ್‌ಸುಮ್ನೆ ಅಳು ಬರುತ್ತದೆ. ಹೊಂದಿಕೊಳ್ಳುವುದು ಹೇಗೆ?" ಎಂದು ಕೇಳಿದ್ದಾರೆ.

ತಂಗಿ, ಚಳಿಗೆ ಜಾಕೆಟ್ ಇದೆ. ಮಾರ್ಚ್ ಬಂದರೆ ಬೆಳಕೂ ಬರುತ್ತದೆ. ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಸಂಗತಿ ಬೇರೆ ಇದೆ. ಅಂಗಡಿಗೆ ಹೋಗಿ ಬಂದ ಮೇಲೆ ಬಿಲ್ಲನ್ನು ಉಪ್ಪಿನ ಡಬ್ಬಿಯ ಕೆಳಗೆ ಇಡುತ್ತೀರಿ. "ಅವರು ಕೇಳಿದ್ದಲ್ಲ, ನನಗೇ ಅಭ್ಯಾಸವಾಯ್ತು" ಅಂದಿದ್ದೀರಿ. ಒಂದು ದಿನ ಬೇಕರಿಯಲ್ಲಿ ಬನ್ನು ತಿಂದು, ಆ ಬಿಲ್ಲನ್ನು ಇಡುವುದೋ ಬಿಸಾಡುವುದೋ ಗೊತ್ತಾಗದೆ ಕೋಟಿನ ಕಿಸೆಯಲ್ಲೇ ಇಟ್ಟುಕೊಂಡಿರಂತೆ.

ಅಲ್ಲಮ್ಮಾ, ದಿನಾ ಸಂಜೆ ಊರವರ ದುಡ್ಡು ಎಣಿಸಿ ಟ್ಯಾಲಿ ಮಾಡಿ ಮನೆಗೆ ಹೋಗುತ್ತಿದ್ದವರು ನೀವು. ಈಗ ಒಂದು ಬನ್ನಿಗೆ ಲೆಕ್ಕ ಒಪ್ಪಿಸುತ್ತಿದ್ದೀರಿ, ಅದೂ ಯಾರೂ ಕೇಳದೆ. ನಿಮ್ಮ ಹೆಸರಿನಲ್ಲಿ ಅಲ್ಲಿ ಒಂದು ಖಾತೆಯೂ ಇಲ್ಲ. ಇರುವುದು ಗಂಡನ ಕಾರ್ಡ್ ಮಾತ್ರ. ಅಳು ಬರುವುದು ಅಲ್ಲಿಂದ.

ಹೆಂಗಸಿನ ಹೆಸರಿನಲ್ಲಿ ಅವಳದೇ ಒಂದು ಖಾತೆ ಇರಬೇಕು ಎಂದು ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಮತ್ತೆ ಬರೆಯುತ್ತೇನೆ. ನಾವು ಬ್ಯಾಂಕುಗಳ ಊರಿನವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಎಂಬ ದಿನದ ಉಳಿತಾಯ ಶುರುಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯಾಕೆ ಬೀಡಿ ಕಟ್ಟುತ್ತಿದ್ದರು. ಪಿಗ್ಮಿಯವರ ಸೈಕಲ್ ಬೆಲ್ ಕೇಳಿದರೆ ಸಾಕು, ತಡ್ಪೆ (ಮೊರ) ಎತ್ತಿ ಅದರ ಅಡಿಯಿಂದ ಪುಸ್ತಕ ತೆಗೆಯುತ್ತಿದ್ದರು. ಮೂಲೆ ಮಡಚಿ, ಎಲೆಯ ಕಲೆ ಹತ್ತಿದ ಪುಸ್ತಕ. ಗಂಡನ ಜೊತೆ ಜಗಳವೇನೂ ಇರಲಿಲ್ಲ. ಆದರೂ ಆ ಪುಸ್ತಕ ಅವರದೇ.

ಇನ್ನು ನಿಮ್ಮ ಗಂಡನ ಅಕ್ಕ. ನನಗೆ ಜಾಸ್ತಿ ಸಿಟ್ಟು ಬಂದದ್ದು ಅವರ ಮೇಲೆ. "ಎರಡು ವರ್ಷಕ್ಕೆ ನಿನಗೆ ಬೇರೆ ಖಾತೆ ಎಂತಕ್ಕೆ? ಡಿಪೆಂಡೆಂಟ್ ವೀಸಾದವರು ಕೆಲಸ ಮಾಡುವ ಹಾಗಿಲ್ಲ" ಎಂದು ನ್ಯೂಜೆರ್ಸಿಯಲ್ಲಿ ಕೂತು ಹೇಳಿದ್ದಾರೆ. ಅದು ಅಮೆರಿಕದ ಎಚ್-4ರ, ಅಂದರೆ ಅಲ್ಲಿ ಕೆಲಸಕ್ಕೆ ಹೋದವರ ಗಂಡ-ಹೆಂಡತಿಗೆ ಕೊಡುವ ವೀಸಾದ ಕತೆ. ಅಲ್ಲಿ ಕೂಡ 2015ರಿಂದ ಕೆಲವರಿಗೆ ಕೆಲಸದ ಪರವಾನಗಿ ಸಿಗುತ್ತದೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್‌ನವರ ಹೆಂಡತಿಗೆ ಮೊದಲ ದಿನದಿಂದಲೇ ಕೆಲಸ ಮಾಡುವ ಹಕ್ಕಿದೆ. ನಿಮ್ಮ ವಾಸದ ಕಾರ್ಡ್ ತೆಗೆದು ನೋಡಿ, ಬರೆದಿರುತ್ತದೆ. ತನಗೆ ಸಿಗದ್ದು ತಮ್ಮನ ಹೆಂಡತಿಗೂ ಇಲ್ಲ ಎಂದು ವಿಚಾರಿಸದೆ ಹೇಳಿಬಿಡುವುದು ದೊಡ್ಡ ತಪ್ಪು. ಆ ಮಾತು ನಂಬಿ ನೀವು ಹನ್ನೊಂದು ತಿಂಗಳು ಕಳೆದುಕೊಂಡಿರಿ.

ಗಂಡನ ತಪ್ಪು ಇಷ್ಟೇ, ದಿನಾ ಬಿಲ್ಲು ನೋಡಿಯೂ "ಇದು ಯಾಕೆ?" ಎಂದು ಕೇಳಲಿಲ್ಲ.

ಜರ್ಮನ್ ಕ್ಲಾಸು, ಗೆಳತಿಯರು, ಕನ್ನಡ ಬಳಗ ಎಲ್ಲ ಆಮೇಲೆ. ಈಗ ಒಂದೇ ಕೆಲಸ. ಪಾಸ್‌ಪೋರ್ಟ್, ವಾಸದ ಕಾರ್ಡ್, ವಿಳಾಸ ನೋಂದಾಯಿಸಿದ ಆನ್‌ಮೆಲ್ಡುಂಗ್ ಪತ್ರ ಹಿಡಿದು ಈ ವಾರವೇ ಬ್ಯಾಂಕಿಗೆ ಹೋಗಿ. ಕೆಲಸ ಇಲ್ಲ, ಸಂಬಳ ಇಲ್ಲ ಎಂದು ಹಿಂಜರಿಯಬೇಡಿ. ಬಾಸಿಸ್‌ಕೊಂಟೊ, ಅಂದರೆ ಮೂಲಭೂತ ಖಾತೆ, ಎಂದು ಕೇಳಿ. ಕಾನೂನುಬದ್ಧವಾಗಿ ಅಲ್ಲಿರುವವರಿಗೆ ಆ ಖಾತೆ ತೆರೆಯುವ ಹಕ್ಕು 2016ರಿಂದ ಇದೆ. ಹಿಂದಿನ ರಾತ್ರಿ ಗಂಡನಿಗೆ ಹೇಳಿ: "ನಾಳೆ ನನ್ನ ಖಾತೆ ತೆರೆಯುತ್ತೇನೆ. ತಿಂಗಳ ಮೊದಲ ದಿನ ಇಷ್ಟು ಹಣ ಅದಕ್ಕೆ ಹಾಕಿ." ಎಷ್ಟು ಅಂತ ನೀವೇ ಲೆಕ್ಕ ಹಾಕಿ, ನಿಮಗೆ ಬಾರದ ವಿದ್ಯೆಯೇನಲ್ಲ.

ಬ್ಯಾಂಕಿನಿಂದ ಬರುವಾಗ ಆ ಬೇಕರಿಗೆ ಹೋಗಿ ಒಂದು ಬನ್ನು ತಿನ್ನಿ. ಬಿಲ್ಲನ್ನು ಅಲ್ಲೇ ಬುಟ್ಟಿಗೆ ಹಾಕಿ ಬನ್ನಿ.